ಮಾವ ಅರ್ಧಕ್ಕೆ ಬಿಟ್ಟ ರೈಫಲ್

ಸೋದರಮಾವ ತೀರಿಕೊಂಡು ಎಂಟು ತಿಂಗಳಾದ ಮೇಲೆ ಅತ್ತೆ ಅವರ ಕೆಲಸದ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ಮುಗಿಸುವುದಾದರೆ ನೀನೇ ಮುಗಿಸು ಮಗಳೇ. ಆಗದಿದ್ದರೆ ಹೇಳಿಬಿಡು, ಬಲ್ಲವರಿಗೆ ಕೊಡುತ್ತೇನೆ. ಹೀಗೆ ಅರ್ಧದಲ್ಲಿ ಬಿದ್ದಿರುವುದನ್ನು ಮಾತ್ರ ನೋಡಲಾರೆ" ಎಂದರು. ಒಳಗೆ ಹೋದಾಗ ಮೇಜಿನ ಮೇಲೆ, ಮರ ಬಿಗಿಹಿಡಿಯುವ ವೈಸಿನ ಪಕ್ಕದಲ್ಲಿ, ಹಳೆಯ ಕಂಬಳಿಯಲ್ಲಿ ಸುತ್ತಿದ ಅಕ್ರೋಟು ಮರದ ಸ್ಟಾಕ್, ಅಂದರೆ ರೈಫಲನ್ನು ಹಿಡಿದು ಭುಜಕ್ಕೆ ಒತ್ತುವ ಮರದ ಮೈ, ಇತ್ತು. ಅದರ ಪಕ್ಕದಲ್ಲಿ ಒಂದು ಒರಟು ಅರ, ಅದರ ಹಲ್ಲುಗಳಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಕಂದು ಹುಡಿ.

ನಳಿಗೆ, ಅದರ ಹಿಂಬಾಯಿ ಮುಚ್ಚುವ ಬೋಲ್ಟ್, ತೋಟಾ ತುಂಬುವ ಮ್ಯಾಗಜೀನ್ ಎಲ್ಲವೂ ಮೇಸ್ತ್ರಿಗಳ ಉಕ್ಕಿನ ಕಪಾಟಿನಲ್ಲಿ ಭದ್ರವಾಗಿದ್ದವು. ಮೇಸ್ತ್ರಿಗಳೆಂದರೆ ಮಾವನ ಬಹುಕಾಲದ ಸ್ನೇಹಿತರು. ಬಂದೂಕು ಕಟ್ಟುವುದು, ದುರಸ್ತಿ ಮಾಡುವುದು ಅವರ ಪರವಾನಗಿ ಪಡೆದ ವೃತ್ತಿ. ನಳಿಗೆಯನ್ನು ಜೋಡಿಸಿ, ತೋಟಾ ಕೂರುವ ಗೂಡನ್ನು ಕೊರೆದು ಕೊಟ್ಟವರು ಅವರೇ. ಮರದ ಕೆಲಸವನ್ನು ಮಾತ್ರ ಮಾವ ಯಾರ ಕೈಗೂ ಬಿಟ್ಟುಕೊಟ್ಟಿರಲಿಲ್ಲ. ನನ್ನ ಹೆಸರಿಗೆ ಪರವಾನಗಿ ಬಂದು ಕಾಗದಪತ್ರ ಮುಗಿಯುವವರೆಗೆ ನಾನು ಲೋಹದ ಭಾಗಗಳನ್ನು ಮುಟ್ಟುವಂತಿರಲಿಲ್ಲ. ಆ ತಿಂಗಳುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕಾದೆ, ಅಷ್ಟೆ.

ಕಾಯುತ್ತಿದ್ದಾಗ ಮರವನ್ನು ನೋಡಲು ಕಲಿತೆ. ಮಾವ ಈ ಹಲಗೆಯನ್ನು ಆರಿಸಿದ್ದು ಅದರ ಚೆಲುವಿಗೆ ಎಂದು ನಾನು ತಿಳಿದಿದ್ದೆ. ಭುಜಕ್ಕೆ ಒತ್ತುವ ಹಿಂಬದಿಯಲ್ಲಿ ಕಪ್ಪು, ಜೇನುಬಣ್ಣದ ಎಳೆಗಳು ಹೊಗೆಯಂತೆ ಸುರುಳಿ ಸುತ್ತಿವೆ. ಯಾರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಮೇಸ್ತ್ರಿಗಳು ಮಾತ್ರ ಅದನ್ನು ನೋಡಲೇ ಇಲ್ಲ. ಕೈ ಹಿಡಿಯುವ ಸಣ್ಣ ಕುತ್ತಿಗೆಯ ಮೇಲೆ ಬೆರಳಾಡಿಸಿ, "ಇಲ್ಲಿ ನೋಡಮ್ಮ, ಎಳೆ ನೇರವಾಗಿ ಹರಿದಿದೆ. ನಿಮ್ಮ ಮಾವ ಮೂರು ಹಲಗೆ ಬೇಡವೆಂದು ಹಿಂದೆ ಕಳಿಸಿದ್ದು ಇದಕ್ಕಾಗಿ" ಎಂದರು. ಸ್ಟಾಕಿನ ಅತ್ಯಂತ ತೆಳುವಾದ ಜಾಗ ಕುತ್ತಿಗೆ. ಅಲ್ಲಿ ಎಳೆ ಓರೆಯಾಗಿ ಹೊರಬಿದ್ದರೆ ಭಾರೀ ತೋಟಾದ ಒದೆತಕ್ಕೆ ಮರ ಅದೇ ಗೆರೆಯಲ್ಲಿ ಸೀಳುತ್ತದೆ.

ಭಾರೀ ಎಂದೆನಲ್ಲ, ಎಷ್ಟು ಭಾರೀ ಎಂದು ಹೇಳಬೇಕು. ಈ ರೈಫಲ್ .416 ರಿಗ್ಬಿ ತೋಟಾಕ್ಕಾಗಿ ಕಟ್ಟಿದ್ದು. ಜಾನ್ ರಿಗ್ಬಿ ಕಂಪನಿ 1911ರಲ್ಲಿ ಹೊರತಂದ ತೋಟಾ ಇದು. ಗುಂಡಿನ ವ್ಯಾಸ 0.416 ಅಂಗುಲ, ಅಂದರೆ ಹತ್ತೂವರೆ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ತೂಕ 400 ಗ್ರೇನ್, ಸುಮಾರು 26 ಗ್ರಾಂ. ಅದು ನಳಿಗೆಯಿಂದ ಸೆಕೆಂಡಿಗೆ 730 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಸಾಮಾನ್ಯ .308 ರೈಫಲ್‌ನ ಗುಂಡಿಗೆ ಹೋಲಿಸಿದರೆ ಶಕ್ತಿ ಹತ್ತಿರಹತ್ತಿರ ಎರಡು ಪಟ್ಟು. ಭುಜಕ್ಕೆ ಬರುವ ಒದೆತದ ಶಕ್ತಿಯಂತೂ ಮೂರು ಪಟ್ಟಿಗೂ ಮೇಲೆ.

ಮಾವನಿಗೆ ಇದರ ಹಿತ್ತಾಳೆ ಕೋಶದ ಗಾತ್ರದ ಮೇಲೆ ವಿಶೇಷ ಪ್ರೀತಿ. ಖಾಲಿ ಕೋಶವೊಂದನ್ನು ಪೆನ್ನುಗಳ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು. ಇಷ್ಟು ದೊಡ್ಡ ಕೋಶ ಏಕೆ ಎಂದು ಕೇಳಿದವರಿಗೆ ಖುಷಿಯಿಂದ ವಿವರಿಸುತ್ತಿದ್ದರು: ಆ ಕಾಲದ ಕಾರ್ಡೈಟ್ ಮದ್ದು ಬಿಸಿಲು ಹೆಚ್ಚಾದಂತೆ ಹೆಚ್ಚು ಒತ್ತಡ ಹುಟ್ಟಿಸುತ್ತಿತ್ತು. ಕೋಶ ಉಬ್ಬಿ ಗೂಡಿನಲ್ಲೇ ಕಚ್ಚಿಕೊಂಡರೆ ಬೋಲ್ಟ್ ತೆರೆಯುವುದಿಲ್ಲ. ಅದಕ್ಕೇ ಒಳಗೆ ಧಾರಾಳ ಜಾಗ ಕೊಟ್ಟು ಒತ್ತಡವನ್ನು ತಗ್ಗಿಸಿದರು. ಇಂದಿಗೂ ಇದರ ಗರಿಷ್ಠ ಒತ್ತಡದ ಮಿತಿ 3250 ಬಾರ್, ಅದೇ ದರ್ಜೆಯ ಇನ್ನೊಂದು ತೋಟಾ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂಗೆ 4300. ಮಾವ ಈ ರೈಫಲ್ ಕಟ್ಟಿಸಿದ್ದು ಯಾವ ಪ್ರಾಣಿಯನ್ನೂ ಹೊಡೆಯಲು ಅಲ್ಲ. ನೂರು ವರ್ಷ ಹಳೆಯ ಆಲೋಚನೆಯೊಂದು ಎಷ್ಟು ಸೊಗಸಾಗಿ ಕೆಲಸ ಮಾಡುತ್ತದೆ ಎಂಬುದನ್ನು ತನ್ನ ಕೈಯಿಂದಲೇ ಕಟ್ಟಿ, ಕಾಗದದ ಗುರಿಯ ಮೇಲೆ ನೋಡಬೇಕೆಂಬ ಆಸೆ ಅವರದು.

ಎಲ್ಲ ಭಾಗಗಳೂ ಕೈಗೆ ಬಂದ ದಿನ ಜೋಡಿಸಿ ಭುಜಕ್ಕೇರಿಸಿದೆ. ಬರಲಿಲ್ಲ. ಮಾವ ಆರಡಿಗೂ ಎತ್ತರದ ಆಳು, ನೀಳ ತೋಳು. ಟ್ರಿಗರ್‌ನಿಂದ ಸ್ಟಾಕಿನ ಹಿಂತುದಿಯವರೆಗೆ ಅವರು ಇಟ್ಟಿದ್ದ ಉದ್ದ, ರಬ್ಬರ್ ಮೆತ್ತೆಯೂ ಸೇರಿ, 37 ಸೆಂ.ಮೀ. ನಾನು ಅವರ ಭುಜದವರೆಗೂ ಬರುವವಳಲ್ಲ. ಸ್ಟಾಕಿನ ತುದಿ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು, ಟ್ರಿಗರ್ ತಲುಪಲು ಬೆರಳು ಚಾಚಬೇಕಾಗುತ್ತಿತ್ತು. ಮೇಸ್ತ್ರಿಗಳು ಪಕ್ಕದಿಂದ ನೋಡಿ, ಎದುರಿನಿಂದ ನೋಡಿ, ಮೂರು ಸೆಂಟಿಮೀಟರ್ ಕತ್ತರಿಸಬೇಕು ಎಂದರು.

ನಾನು ಎರಡು ವಾರ ಗರಗಸ ಮುಟ್ಟಲಿಲ್ಲ. ಸ್ಟಾಕಿನ ಹಿಂತುದಿಯ ಮರದ ಮೇಲೆ ಮಾವ ಪೆನ್ಸಿಲಿನಲ್ಲಿ ನಡುಗೆರೆ ಎಳೆದು, ಪಕ್ಕದಲ್ಲಿ 37 ಎಂದು ಬರೆದಿದ್ದರು. ಅದು ಅವರ ತೋಳಿನ ಅಳತೆ. ಅದನ್ನು ಹಾಗೇ ಉಳಿಸಿಕೊಂಡು ಗಾಜಿನ ಕಪಾಟಿನಲ್ಲಿ ಇಟ್ಟುಬಿಡಬಹುದಿತ್ತು. ಅತ್ತೆಯನ್ನೇ ಕೇಳಿದೆ. ಅವರು ಯೋಚಿಸಲೂ ಇಲ್ಲ: "ಅವರು ನಿನಗೆ ಹೊಲಿಸಿದ ಅಂಗಿ ದೊಡ್ಡದಾಗಿದ್ದರೆ ಏನು ಮಾಡುತ್ತಿದ್ದೆ? ಹಿಡಿಸಿಕೊಳ್ಳುತ್ತಿದ್ದೆ ತಾನೆ?"

ಮರುದಿನವೇ ಕತ್ತರಿಸಿದೆ. ಮೊಳಕೈ ಮಡಚಿ ತೋಳಿನ ಒಳಗೆ ಸ್ಟಾಕ್ ಇಟ್ಟು ಅಳೆಯುವ ಹಳೆಯ ಪದ್ಧತಿಯನ್ನು ನಾನು ನಂಬುವುದಿಲ್ಲ. ಕುತ್ತಿಗೆಯ ಉದ್ದ, ಎದೆಯ ಅಗಲ, ತೊಟ್ಟ ಬಟ್ಟೆಯ ದಪ್ಪ ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಹೊಡೆಯುವಾಗ ತೊಡುವ ದಪ್ಪ ಅಂಗಿಯನ್ನೇ ತೊಟ್ಟು, ಹತ್ತು ಹದಿನೈದು ಸಲ ಭುಜಕ್ಕೇರಿಸಿ, ಹೆಬ್ಬೆರಳಿಗೂ ಮೂಗಿಗೂ ನಡುವೆ ಮೂರು ಬೆರಳಿನ ಅಂತರ ಉಳಿಯುವಂತೆ ನೋಡಿ ಗುರುತು ಮಾಡಿದೆವು. ಇಂಥ ರೈಫಲಿನಲ್ಲಿ ಸ್ಟಾಕ್ ತೀರ ಗಿಡ್ಡವಾದರೆ ಒದೆತಕ್ಕೆ ನಮ್ಮ ಹೆಬ್ಬೆರಳೇ ಮೂಗನ್ನು ಜಜ್ಜುತ್ತದೆ. ಮರ ಚಕ್ಕೆಯೇಳದಂತೆ ಗೆರೆಯ ಸುತ್ತ ಅಂಟುಪಟ್ಟಿ ಬಿಗಿದು, ಸಣ್ಣ ಹಲ್ಲಿನ ಗರಗಸದಿಂದ ಸುತ್ತಲೂ ಮೊದಲು ತೋಡು ಮಾಡಿಕೊಂಡು ನಿಧಾನವಾಗಿ ಇಳಿದೆ. ತುಂಡು ಕೈಗೆ ಬಿತ್ತು. ಒಂದು ಮುಖದಲ್ಲಿ 37, ಇನ್ನೊಂದು ಮುಖದಲ್ಲಿ ಹಸಿಯಾಗಿ ತೆರೆದುಕೊಂಡ, ಯಾರೂ ಇದುವರೆಗೆ ನೋಡದ ಎಳೆಗಳು.

ಆ ತುಂಡು ಮುಂದೆ ನನಗೆ ದೊಡ್ಡ ಆಸರೆಯಾಯಿತು. ಯಾವ ಎಣ್ಣೆ ಎಷ್ಟು ಕಪ್ಪಾಗಿಸುತ್ತದೆ, ಯಾವ ಉಪ್ಪುಕಾಗದ ಎಂಥ ಗೀರು ಬಿಡುತ್ತದೆ ಎಂಬುದನ್ನೆಲ್ಲ ಅದರ ಅಂಚುಗಳ ಮೇಲೇ ಮೊದಲು ನೋಡಿದೆ. ಅದೇ ಮರ, ಅದೇ ಬಣ್ಣ. ಬೇರೆ ಯಾವ ಚೂರೂ ಇಷ್ಟು ನಿಜ ಹೇಳುತ್ತಿರಲಿಲ್ಲ.

ಅದಕ್ಕೂ ಮೊದಲು ಲೋಹವನ್ನು ಮರದೊಳಗೆ ಕೂರಿಸುವ ಕೆಲಸ ಬಾಕಿಯಿತ್ತು. ಇಡೀ ಕಟ್ಟುವಿಕೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಇದೇ. ಬೋಲ್ಟ್ ಓಡಾಡುವ ಉಕ್ಕಿನ ಮೈಯ ಕೆಳಗೆ ಒಂದು ಚೌಕಾಕಾರದ ಗಟ್ಟಿ ಕೊಂಡಿ ಚಾಚಿಕೊಂಡಿರುತ್ತದೆ. ಗುಂಡು ಹಾರಿದಾಗ ಹಿಂದಕ್ಕೆ ಧಾವಿಸುವ ಬಲವನ್ನೆಲ್ಲ ಮರಕ್ಕೆ ದಾಟಿಸುವುದು ಆ ಕೊಂಡಿಯ ಹಿಂಬದಿ. ಅದು ಮರದ ಗೋಡೆಗೆ ಪೂರ್ತಿ ಅಂಟಿ ಕೂತಿರಬೇಕು. ಒಂದು ಮೂಲೆ ಮಾತ್ರ ತಾಗುತ್ತಿದ್ದರೆ ಅಷ್ಟೂ ಬಲ ಆ ಮೂಲೆಗೇ ಬೀಳುತ್ತದೆ. ಹಿಂದೆ, ಉಕ್ಕಿನ ಮೈ ಬಾಲದಂತೆ ಸಣ್ಣಗಾಗಿ ಕುತ್ತಿಗೆಯೊಳಗೆ ಕೂರುವಲ್ಲಿ, ತದ್ವಿರುದ್ಧವಾಗಿ ಮರ ತಾಗಲೇಬಾರದು. ಅರ್ಧ ಮಿಲಿಮೀಟರಿನಷ್ಟಾದರೂ ಬಿಡುವು ಬೇಕು. ಇಲ್ಲದಿದ್ದರೆ ಆ ಬಾಲ ಬೆಣೆಯಂತೆ ಮರವನ್ನು ಸೀಳುತ್ತದೆ.

ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ದೀಪದ ಮಸಿಯೇ ಸಾಕು. ನಳಿಗೆಗೂ ಉಕ್ಕಿನ ಮೈಗೂ ತೆಳುವಾಗಿ ಮಸಿ ಹಚ್ಚಿ, ಮರದೊಳಗೆ ಇಳಿಸಿ, ಒತ್ತಿ, ಮೇಲೆತ್ತಿದರೆ ತಾಗಿದ ಜಾಗವೆಲ್ಲ ಕಪ್ಪು. ಕಪ್ಪಾದದ್ದನ್ನು ಕೆರೆಯುವುದು, ಮತ್ತೆ ಮಸಿ, ಮತ್ತೆ ಇಳಿಸುವುದು.

ಮೊದಲ ಸಲ ಮೇಲೆತ್ತಿದಾಗ ನಳಿಗೆ ಮಲಗುವ ತೋಡಿನ ಎಡಗೋಡೆಯಲ್ಲಿ, ಮುಂತುದಿಯಿಂದ ಒಂದು ಗೇಣು ಹಿಂದೆ, ಕಪ್ಪು ಪಟ್ಟೆ ಮೂಡಿತ್ತು. ಮಸಿಯ ಅಡಿಯಲ್ಲಿ ಏನೋ ಗೆರೆ. ದೀಪವನ್ನು ಓರೆಯಾಗಿ ಹಿಡಿದೆ. ಮಾವನ ಅಕ್ಷರ: "ಇಲ್ಲಿ ಇನ್ನೂ ಸ್ವಲ್ಪ". ಸ್ವಲ್ಪದ ಕೊನೆಯ ಪ ಒತ್ತನ್ನು ಬಾಲದಂತೆ ಉದ್ದಕ್ಕೆ ಎಳೆದು, ಅದನ್ನೇ ಬಾಣವಾಗಿಸಿ, ಸರಿಯಾಗಿ ಆ ಕಪ್ಪು ಪಟ್ಟೆಗೆ ಗುರಿಯಿಟ್ಟಿದ್ದರು. ಅವರ ಪತ್ರಗಳಲ್ಲೂ ಸಾಲಿನ ಕೊನೆಯ ಒತ್ತಕ್ಷರ ಹೀಗೇ ಅಂಚಿನವರೆಗೆ ಓಡುತ್ತಿತ್ತು.

ಅವರು ಹೇಳಿದ್ದು ಸರಿಯಾಗಿತ್ತು. ನಳಿಗೆ ಎಡಕ್ಕೆ ತಾಗುತ್ತಿತ್ತು. ತೇವದ ಗಾಳಿಗೆ ಮರ ಉಬ್ಬಿದರೆ ಅಲ್ಲಿಂದ ನಳಿಗೆಯನ್ನು ಬಲಕ್ಕೆ ನೂಕುತ್ತದೆ, ಗುಂಡು ದಿನಕ್ಕೊಂದು ಕಡೆ ಬೀಳುತ್ತದೆ. ಅಲ್ಲಿ ಇನ್ನೂ ಸ್ವಲ್ಪ ತೆಗೆಯಬೇಕಿತ್ತು. ಆದರೆ ತೆಗೆಯಬೇಕಾದ ಮರದ ಮೇಲೆಯೇ ಆ ಬರಹ ಇತ್ತು.

ಮೇಸ್ತ್ರಿಗಳಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಅದನ್ನು ಬರೆದದ್ದು ಕೆರೆಯಲಿಕ್ಕೇ ಅಲ್ಲವೇನಮ್ಮ" ಎಂದರು. ಹಾಗಂದ ಮೇಲೆ ಅವರ ದನಿಯೂ ಕಟ್ಟಿತು. ಬರಹದ ಫೋಟೊ ತೆಗೆದುಕೊಂಡೆ. ಮಾವನ ಅರ್ಧಚಂದ್ರದ ಕೆರೆಯುಳಿಯನ್ನೇ ಹಿಡಿದು, ಬಾಣದ ತುದಿಯಿಂದ ಶುರು ಮಾಡಿದೆ. ಮೊದಲು ಪ ಒತ್ತಿನ ಬಾಲ ಹೋಯಿತು, ಆಮೇಲೆ ಲ, ಆಮೇಲೆ ಸ್ವ. ಹೋಳಿಗೆಯ ಹಾಳೆಗಿಂತಲೂ ತೆಳುವಾದ ಸುರುಳಿಗಳು. ಅವುಗಳಲ್ಲಿ ಕೆಲವದರ ಮೇಲೆ ಪೆನ್ಸಿಲಿನ ಬೂದು ಮಿಂಚು ಇನ್ನೂ ಕಾಣುತ್ತಿತ್ತು. ಅವನ್ನು ಎಸೆಯಲಾಗಲಿಲ್ಲ, ಒಂದು ಪುಟ್ಟ ಡಬ್ಬಿಗೆ ಹಾಕಿದೆ. ಅಂಚೆಕಾರ್ಡಿನ ದಪ್ಪದ ಕಾಗದ ನಳಿಗೆಯ ಎರಡೂ ಬದಿಯಲ್ಲಿ ತಡೆಯಿಲ್ಲದೆ ಓಡುವವರೆಗೆ ಕೆರೆದೆ. "ಇಲ್ಲಿ ಇನ್ನೂ" ಎಂಬಷ್ಟು ಉಳಿಯಿತು, ಅದು ಕೆರೆಯುವ ಗೆರೆಗಿಂತ ಕೆಳಗಿತ್ತು.

ಬಲ ಹೊರುವ ಕೊಂಡಿಯ ಹಿಂದಿನ ಗೋಡೆಯನ್ನು ಬರೀ ಮರಕ್ಕೆ ಬಿಡದೆ ಎಪಾಕ್ಸಿಯಿಂದ ಎರಕ ಹೊಯ್ದೆವು. ಕೊಂಡಿಯ ಮುಂದೆ, ಎರಡು ಪಕ್ಕ, ಕೆಳಗೆ ಅಂಟುಪಟ್ಟಿ ಹಚ್ಚಿ ಹಿಂಬದಿಯನ್ನು ಮಾತ್ರ ಬರಿದಾಗಿ ಬಿಡುವುದು ಇದರ ಗುಟ್ಟು. ಗಟ್ಟಿಯಾದ ಮೇಲೆ ಪಟ್ಟಿ ಕಿತ್ತರೆ ಆ ನಾಲ್ಕು ಕಡೆ ಬಿಡುವು, ಹಿಂದೆ ಮಾತ್ರ ಕನ್ನಡಿಯಂಥ ತಾಗು. ಲೋಹಕ್ಕೆಲ್ಲ ಬಿಡಿಸುವ ಮೇಣ ಬಳಿಯುವುದನ್ನು ಒಂದು ಬೆರಳಗಲದಷ್ಟು ಮರೆತರೂ ರೈಫಲ್ ಮರಕ್ಕೇ ಶಾಶ್ವತವಾಗಿ ಅಂಟಿಬಿಡುತ್ತದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಒಂದೇ ಪೆಟ್ಟಿಗೆ 'ಟಪ್' ಎಂದು ಬಿಟ್ಟುಕೊಂಡಾಗ ಜೀವ ಬಂದಂತಾಯಿತು.

ಹೊರಮೈಯ ಉಜ್ಜುವಿಕೆ ತಾಳ್ಮೆಯ ಕೆಲಸ, ಹೆಚ್ಚಿನ ಕಥೆಯಿಲ್ಲ. 220ರ ಉಪ್ಪುಕಾಗದದಿಂದ 320, ಅಲ್ಲಿಂದ 400. ನಡುನಡುವೆ ಒದ್ದೆ ಬಟ್ಟೆಯಿಂದ ಒರೆಸಿ ಬಿಸಿಗಾಳಿಗೆ ಒಣಗಿಸಿದರೆ ಮಲಗಿದ ನಾರುಗಳು ಗಡ್ಡದಂತೆ ಎದ್ದು ನಿಲ್ಲುತ್ತವೆ. ಅವನ್ನು ಮತ್ತೆ ಉಜ್ಜಿ ತೆಗೆಯಬೇಕು. ನಾಲ್ಕನೇ ಸಲಕ್ಕೆ ಏಳುವುದು ನಿಂತಿತು. ಮಾವನ ಅರದ ಗೀರುಗಳು ಕುತ್ತಿಗೆಯ ಕೆಳಗೆ ಆಳವಾಗಿದ್ದವು. ಒಂದಾದರೂ ಗುರುತಿಗೆ ಇರಲಿ ಎಂದು ಮನಸ್ಸು ಎಳೆಯಿತು. ಆದರೆ ಗೀರು ಬಿಟ್ಟ ಮರಕ್ಕೆ ಎಣ್ಣೆ ಹಾಕುವವರನ್ನು ಕಂಡರೆ ಅವರಿಗೆ ಎಷ್ಟು ಸಿಟ್ಟು ಬರುತ್ತಿತ್ತೆಂದು ನನಗೆ ಗೊತ್ತು. ಎಲ್ಲವನ್ನೂ ತೆಗೆದೆ.

ಕುದಿಸಿದ ಅಗಸೆ ಎಣ್ಣೆಯ ಮೊದಲ ಕೈ ಬಿದ್ದ ಗಳಿಗೆಯನ್ನು ಹೇಗೆ ಹೇಳಲಿ! ಅಲ್ಲಿಯವರೆಗೆ ಬೂದಿ ಮೆತ್ತಿದಂತಿದ್ದ ಮರ ಬಟ್ಟೆ ಸರಿದಷ್ಟು ದೂರ ಒಳಗಿನಿಂದ ದೀಪ ಹಚ್ಚಿದಂತೆ ಹೊತ್ತಿಕೊಂಡಿತು. ಹೊಗೆಯಂಥ ಎಳೆಗಳು ಆಳ ಪಡೆದವು; ರೈಫಲನ್ನು ತಿರುಗಿಸಿದರೆ ಅವೂ ಸರಿದಾಡುತ್ತಿದ್ದವು. ಅತ್ತೆಯನ್ನು ಕೂಗಿ ಕರೆದೆ. ಅವರು ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು.

ಅಕ್ರೋಟಿನ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಎಣ್ಣೆ ಹಾಕಿ 600ರ ಕಾಗದದಿಂದ ಒದ್ದೆಯಾಗಿಯೇ ಉಜ್ಜಿದರೆ ಮರದ ಹುಡಿಯೂ ಎಣ್ಣೆಯೂ ಸೇರಿ ಕೆಸರಾಗುತ್ತದೆ. ಅದನ್ನು ಎಳೆಗೆ ಅಡ್ಡಲಾಗಿ ಒರೆಸಿ ರಂಧ್ರಗಳಿಗೆ ತುಂಬಿಸಿ ಒಣಗಲು ಬಿಡಬೇಕು. ಐದು ಸಲ ತುಂಬಿದ ಮೇಲೆ ಮೈ ಸಮವಾಯಿತು. ಆಮೇಲೆ ಅಂಗೈಯಿಂದಲೇ ಎಣ್ಣೆಯ ಹನಿಗಳನ್ನು ಬಿಸಿಯಾಗುವಂತೆ ತಿಕ್ಕಿ ಹನ್ನೊಂದು ತೆಳು ಕೈ ಹಾಕಿದೆ, ಕೈಗೂ ಕೈಗೂ ನಡುವೆ ಕನಿಷ್ಠ ಒಂದು ದಿನ ಬಿಟ್ಟು. ದಪ್ಪ ಬಳಿದರೆ ಮೇಲ್ಮೈ ಸುಕ್ಕಾಗಿ ಒಳಗೆ ಜಿಗುಟಾಗಿಯೇ ಉಳಿಯುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು: ಅಗಸೆ ಎಣ್ಣೆ ಆರುವುದೆಂದರೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಬಿಸಿ ಬಿಡುವುದು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗಲಾರದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಪ್ರತಿ ಬಟ್ಟೆಯನ್ನೂ ನೀರಲ್ಲಿ ನೆನೆಸಿ, ಬಯಲಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸಿದೆ.

ಎಣ್ಣೆ ಆರುತ್ತಿದ್ದ ದಿನಗಳಲ್ಲಿ ಮೇಸ್ತ್ರಿಗಳ ಬಳಿ ಉಕ್ಕಿಗೆ ಬಣ್ಣ ಬರಿಸಿದೆವು. ಮೊದಲು ಅವರು 'ಗೋ', 'ನೋ-ಗೋ' ಅಳತೆಗಳಿಂದ ಗೂಡಿನ ಆಳವನ್ನು ಪರೀಕ್ಷಿಸಿದರು. ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ನಂತರ ರೈಫಲನ್ನು ಭಾರವಾದ ಚೌಕಟ್ಟಿಗೆ ಕಟ್ಟಿ, ದೂರದಿಂದ ಹಗ್ಗ ಎಳೆದು ಎರಡು ಗುಂಡು ಹಾರಿಸಿದರು. ಖಾಲಿ ಕೋಶಗಳನ್ನು ಬೆಳಕಿಗೆ ಹಿಡಿದು ಬುಡದ ಹತ್ತಿರ ಹೊಳೆಯುವ ಉಂಗುರವೇನಾದರೂ, ಅಂದರೆ ಕೋಶ ಹರಿಯಲಿರುವ ಗುರುತು, ಬಿದ್ದಿದೆಯೇ ಎಂದು ನೋಡಿದರು. ಇರಲಿಲ್ಲ. ಅದಾದ ಮೇಲೆಯೇ ಬಣ್ಣದ ಮಾತು.

ಹಳೆಯ ರೈಫಲ್‌ಗಳ ಆ ಮಖಮಲ್ಲಿನಂಥ ಕಪ್ಪು ಬರುವುದು ತುಕ್ಕಿನಿಂದಲೇ. ಜಿಡ್ಡಿನ ಸುಳಿವೂ ಇಲ್ಲದಂತೆ ತೊಳೆದ ನಳಿಗೆಯ ಎರಡೂ ಬಾಯಿ ಮುಚ್ಚಿ, ತುಕ್ಕು ಹಿಡಿಸುವ ದ್ರಾವಣವನ್ನು ಒಂದೇ ಎಳೆತದಲ್ಲಿ ಸವರಿ, ತೇವದ ಪೆಟ್ಟಿಗೆಯಲ್ಲಿ ನೇತುಹಾಕುತ್ತಾರೆ. ಬೆಳಗಾಗುವಷ್ಟರಲ್ಲಿ ನುಣ್ಣನೆಯ ಉಕ್ಕಿನ ಮೇಲೆ ಕಿತ್ತಳೆ ಬಣ್ಣದ ಬೂಷ್ಟು. ನೋಡಿದಾಗ ನನ್ನ ಹೊಟ್ಟೆ ಕಿವುಚಿತು. ಅದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಣ್ಣೆದುರೇ ಕಪ್ಪಾಗುತ್ತದೆ. ಕಬ್ಬಿಣದ ಕೆಂಪು ಆಕ್ಸೈಡ್ ಮ್ಯಾಗ್ನೆಟೈಟ್ ಆಗಿ ಬದಲಾಗುವುದು ಅದು. ಉಕ್ಕಿನ ಮೃದು ನಾರಿನಿಂದ ಮೇಲಿನ ಸಡಿಲ ಹುಡಿಯನ್ನು ಉಜ್ಜಿದರೆ ಕೆಳಗೆ ತಿಳಿಬೂದು ನೆರಳು. ಮತ್ತೆ ಸವರು, ಮತ್ತೆ ತುಕ್ಕು, ಮತ್ತೆ ಕುದಿ. ಏಳನೇ ಸುತ್ತಿಗೆ ಆಳವಾದ ಕಪ್ಪು ನಿಂತಿತು. ಬರಿಗೈಯಿಂದ ಮುಟ್ಟಿದರೆ ಬೆರಳಿನ ಜಿಡ್ಡು ಅಲ್ಲೇ ಮಚ್ಚೆಯಾಗುತ್ತದೆಂದು ಮೇಸ್ತ್ರಿಗಳು ನನ್ನ ಕೈಗವಸುಗಳನ್ನು ಮೂರು ಸಲ ಬದಲಿಸಿದರು.

ಗುರಿಯ ಬಯಲಿಗೆ ಹೋದ ದಿನ ಅತ್ತೆಯೂ ಬಂದರು. ಕಿವಿಯೊಳಗೆ ಬೆಣೆ, ಅದರ ಮೇಲೆ ಕಿವಿಮುಚ್ಚಿಗೆ, ಎರಡೂ ಬೇಕು. ಗುರಿ 50 ಮೀಟರ್. ಈ ರೈಫಲಿಗೆ ದೂರದರ್ಶಕವಿಲ್ಲ, ಗುರಿ ನೋಡಲು ಹಿಂದೆ ಅಗಲವಾದ ಕಚ್ಚು, ನಳಿಗೆಯ ತುದಿಯಲ್ಲಿ ಹಿತ್ತಾಳೆ ಮುಖದ ಪುಟ್ಟ ಅಲಗು. ಮೇಸ್ತ್ರಿಗಳು ನನ್ನನ್ನು ಮೇಜಿಗೆ ಒರಗಿ ಕೂರಲು ಬಿಡಲಿಲ್ಲ. ಮುಂದಕ್ಕೆ ಬಾಗಿ ಕೂತರೆ ದೇಹಕ್ಕೆ ಹಿಂದೆ ಸರಿಯಲು ಎಡೆಯಿಲ್ಲ, ಒದೆತವನ್ನೆಲ್ಲ ಭುಜದ ಮೂಳೆಯೇ ನುಂಗಬೇಕು. ನಿಂತು, ಮುಂಗೈಗೆ ಆಸರೆ ಕೊಟ್ಟು, ಒಂದು ಕಾಲು ಮುಂದಿಟ್ಟೆ.

ಮೊದಲು ಅವರು ಮೂರು ಹೊಡೆದರು. ಮೂರೂ ಒಂದೇ ಅಂಗೈ ಮುಚ್ಚುವಷ್ಟು ಜಾಗದಲ್ಲಿ, ನಡುವಿನಿಂದ 12 ಸೆಂ.ಮೀ. ಕೆಳಗೆ. ಅದು ನಿರೀಕ್ಷಿಸಿದ್ದೇ. ಮುಂದಿನ ಅಲಗನ್ನು ಬೇಕೆಂದೇ ಎತ್ತರವಾಗಿ ಇಟ್ಟಿರುತ್ತಾರೆ. ಅರೆದು ತಗ್ಗಿಸಿದಷ್ಟೂ ಗುಂಡು ಮೇಲೇರುತ್ತದೆ.

ಆಮೇಲೆ ನಾನು. ಸದ್ದು ನೆನಪಿಲ್ಲ. ಭುಜಕ್ಕೆ ಯಾರೋ ಎರಡೂ ಕೈಯಿಂದ ನೂಕಿದಂತೆ ಸೊಂಟದ ಮೇಲಿನ ಮೈಯೆಲ್ಲ ಹಿಂದಕ್ಕೆ ಹೋಯಿತು, ನಳಿಗೆ ಆಕಾಶ ನೋಡಿತು, ಒಂದು ಹೆಜ್ಜೆ ಹಿಂದಿಟ್ಟೆ. ನೋವಾಗಲಿಲ್ಲ. 4.7 ಕಿಲೋ ತೂಕ, ಅಗಲವಾದ ಮೆತ್ತೆ ಮತ್ತು ನನಗೆ ಸರಿಹೊಂದಿದ ಉದ್ದ ಸೇರಿ ಅದನ್ನು ಪೆಟ್ಟಾಗಲು ಬಿಡದೆ ದೊಡ್ಡ ತಳ್ಳುವಿಕೆಯಾಗಿಸಿದ್ದವು. ಆದರೆ ಗುರಿಯ ಕಾಗದ ತಂದಾಗ ನನ್ನ ಮೂರು ತೂತುಗಳು ಕೆಳಗೂ ಎಡಕ್ಕೂ ಚೆಲ್ಲಿದ್ದವು, ಅವುಗಳಲ್ಲಿ ಒಂದು 20 ಸೆಂ.ಮೀ. ಕೆಳಗೆ.

ಅಲಗನ್ನು ಇನ್ನಷ್ಟು ಅರೆಯೋಣವೇ ಎಂದೆ. ಮೇಸ್ತ್ರಿಗಳು ತಲೆಯಾಡಿಸಿ, "ರೈಫಲಿನ ತಪ್ಪು ಹನ್ನೆರಡು. ಉಳಿದದ್ದು ನಿನ್ನ ಹೆದರಿಕೆ. ಹೆದರಿಕೆಯನ್ನು ಅರದಿಂದ ತೆಗೆಯಲಾಗುವುದಿಲ್ಲ" ಎಂದರು.

ಮುಂದಿನ ವಾರ ಅವರು ನನ್ನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಸುಳ್ಳು ತೋಟಾಗಳನ್ನೂ ಸೇರಿಸಿ ತುಂಬಿಸಿದರು. ಯಾವುದು ಯಾವಾಗ ಬರುತ್ತದೆಂದು ನನಗೆ ಗೊತ್ತಿಲ್ಲ. ಎರಡನೇ ಬಾರಿ ಟ್ರಿಗರ್ ಒತ್ತಿದಾಗ 'ಕ್ಲಿಕ್' ಎಂದಷ್ಟೇ ಆಯಿತು. ಒದೆತವೇ ಇಲ್ಲದಿದ್ದರೂ ನಳಿಗೆಯ ತುದಿ ಸರಕ್ಕನೆ ಕೆಳಗೆ ಎಡಕ್ಕೆ ಮುಳುಗಿತು. ನನ್ನ ಕಣ್ಣಿಂದಲೇ ಕಂಡೆ. ಬರಲಿರುವ ಪೆಟ್ಟನ್ನು ತಡೆಯಲು ದೇಹ ಮೊದಲೇ ನೂಕುತ್ತಿತ್ತು. ಆರು ಸಲ ಒತ್ತಿದ್ದರಲ್ಲಿ ಎರಡು ಸುಳ್ಳು. ಕೊನೆಯ ಸುಳ್ಳು ತೋಟಾಕ್ಕೆ ಅಲಗು ಕಚ್ಚಿನ ನಡುವೆಯೇ ನಿಂತಿತ್ತು. ಮನೆಯಲ್ಲಿ ತಿಂಗಳುಗಟ್ಟಲೆ ಖಾಲಿ ರೈಫಲಿನ ಮೇಲೆ, ಆಮೇಲೆ ಪುಟ್ಟ ತೋಟಾದ .22 ರೈಫಲಿನ ಮೇಲೆ ಟ್ರಿಗರ್ ಒತ್ತುವ ಅಭ್ಯಾಸ ಮಾಡಿದೆ. ಹದಿನಾಲ್ಕನೇ ವಯಸ್ಸಿನಲ್ಲಿ ಆ .22 ಹಿಡಿಸಿ ಕಲಿಸಿದವರೂ ಮಾವನೇ.

ಅಲಗು ತಗ್ಗಿಸುವ ಲೆಕ್ಕ ಸರಳ. ಗುಂಡು ತಪ್ಪಿದ ಅಂತರವನ್ನು ಕಚ್ಚಿಗೂ ಅಲಗಿಗೂ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸುವುದು. ನಮ್ಮದರಲ್ಲಿ ಕಚ್ಚಿಗೂ ಅಲಗಿಗೂ 45 ಸೆಂ.ಮೀ. 12 ಸೆಂ.ಮೀ. ತಪ್ಪಿಗೆ 50 ಮೀಟರಿನಲ್ಲಿ ಬರುವ ಉತ್ತರ 1.08 ಮಿ.ಮೀ. ತೆಗೆದ ಮೇಲೆ ಮತ್ತೆ ಅಂಟಿಸಲಾಗದು, ಹಾಗಾಗಿ 0.9ಕ್ಕೆ ನಿಲ್ಲಿಸಿದೆ. ಕೊನೆಯ ದಿನ ಮೂರು ಹೊಡೆದೆ: ಮೂರೂ ಒಟ್ಟಿಗೆ, ಎರಡು ಸೆಂಟಿಮೀಟರ್ ಕೆಳಗೆ. ಅಲ್ಲೇ ಕೂತು ಸಣ್ಣ ಅರದಿಂದ ಎಂಟು ಹಗುರ ಎಳೆತ. ಮತ್ತೆ ಮೂರು. ಆರು ಸೆಂಟಿಮೀಟರ್ ಅಗಲದೊಳಗೆ ಮೂರೂ, ನಡುವಿನ ಕಪ್ಪು ವೃತ್ತವನ್ನು ಹರಿದು.

ಅತ್ತೆ ಆ ಕಾಗದವನ್ನು ಕೈಗೆ ತೆಗೆದುಕೊಂಡು ತೂತುಗಳಿಗೆ ಕಿರುಬೆರಳು ತೂರಿಸಿ ನೋಡಿದರು. "ಇಷ್ಟು ದೊಡ್ಡದೇ" ಎಂದರು. ಮಡಚಿ ಚೀಲದಲ್ಲಿಟ್ಟುಕೊಂಡರು. 37 ಎಂದು ಬರೆದ ಮರದ ತುಂಡೂ ಈಗ ಅವರ ಬಳಿಯೇ ಇದೆ. ಅದಕ್ಕೂ ಹನ್ನೊಂದು ಕೈ ಎಣ್ಣೆ ಹಾಕಿ ಕೊಟ್ಟಿದ್ದೇನೆ, ಬರಹವಿರುವ ಮುಖವನ್ನು ಬಿಟ್ಟು.

ಮನೆಗೆ ಬಂದು ನಳಿಗೆ ತೊಳೆದ ಮೇಲೆ ಸ್ಟಾಕನ್ನು ಬಿಚ್ಚಿದೆ. ಹೊಸ ರೈಫಲಿನ ಮೊದಲ ಸುತ್ತಿನ ಬಳಿಕ ಇದನ್ನು ಮಾಡಲೇಬೇಕು. ಕೊಂಡಿಯ ಹಿಂದಿನ ಎರಕ ಸಮವಾಗಿ ಹೊಳೆಯುತ್ತಿತ್ತು. ಉಕ್ಕಿನ ಬಾಲದ ಹಿಂದೆ ಭೂತಗನ್ನಡಿ ಹಿಡಿದು ನೋಡಿದೆ, ಕೂದಲೆಳೆಯ ಗೆರೆಯೂ ಇರಲಿಲ್ಲ. ನಳಿಗೆಯ ತೋಡಿನಲ್ಲಿ "ಇಲ್ಲಿ ಇನ್ನೂ" ಎಂಬುದು ಎಣ್ಣೆಯ ತೆಳು ಪದರದ ಕೆಳಗೆ ಓದುವಂತಿತ್ತು. ಮಾವನ ಡಬ್ಬಿಯಿಂದ ಪೆನ್ಸಿಲ್ ತೆಗೆದು ಚೂಪು ಮಾಡಿಕೊಂಡು, ಅದರ ಪಕ್ಕದಲ್ಲಿ ಬರೆದೆ: "18 ಗುಂಡು. ಬಿರುಕಿಲ್ಲ." ಮತ್ತೆ ನಳಿಗೆಯನ್ನು ಕೂರಿಸಿ ತಿರುಪು ಬಿಗಿದೆ.